ಹುಬ್ಬಳ್ಳಿಯಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕುವ ಬಗೆ

"ವಿಮಾನದಾಗ ನಲವತ್ತು ನಿಮಿಷ ಅಂದಿದ್ದೆಲ್ಲೋ, ಮತ್ಯಾಕ ಅರ್ಧ ದಿನ ಹಿಡೀತು?"

ಮಂಗಳೂರಿನ ಕಾವೂರಿನಲ್ಲಿ ತಂಗಿಯ ಮನೆ ಮೆಟ್ಟಿಲು ಹತ್ತುತ್ತಾ ನಮ್ಮವ್ವ ಕೇಳಿದ ಪ್ರಶ್ನೆ ಇದು. ಬೆಳಿಗ್ಗೆ ಐದೂವರೆಗೆ ಹುಬ್ಬಳ್ಳಿಯ ಮನೆ ಬಿಟ್ಟಿದ್ದೆವು. ಬೆಂಗಳೂರಿನಲ್ಲಿ ವಿಮಾನ ಬದಲಿಸಿದೆವು. ಎರಡನೇ ವಿಮಾನ ಒಂದು ಗಂಟೆ ತಡವಾಯಿತು. ತಲುಪಿದಾಗ ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷ ಇತ್ತು. ಅದೇ ಐದೂವರೆಗೆ ಸಾಮಾನು ತುಂಬಿಕೊಂಡು ಕಾರಿನಲ್ಲಿ ಹೊರಟಿದ್ದ ಚಿಕ್ಕಪ್ಪನ ಮಗ ನಮಗಿಂತ ಮೊದಲೇ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತಿದ್ದ. ನನ್ನನ್ನು ನೋಡಿ ನಕ್ಕ. ಆ ನಗು ಇನ್ನೂ ಮರೆತಿಲ್ಲ.

ನಲವತ್ತು ನಿಮಿಷ ಅಂತ ನಾನು ಹೇಳಿದ್ದು ಸುಳ್ಳೇನಲ್ಲ. ಫೋನಿನಲ್ಲಿ ಎರಡು ನಿಲ್ದಾಣಗಳ ಹೆಸರು ಹಾಕಿದರೆ ಹಾಗೆಯೇ ಬರುತ್ತದೆ: ದೂರ 266 ಕಿ.ಮೀ., ಹಾರಾಟ ಸುಮಾರು 40 ನಿಮಿಷ. ತಪ್ಪು ನನ್ನದೇ. ಹಕ್ಕಿ ಹಾರುವ ದೂರವನ್ನು ಮನುಷ್ಯ ಹೋಗುವ ದೂರ ಅಂದುಕೊಂಡಿದ್ದೆ. ಆಮೇಲೆ ಕೂತು ಸರಿಯಾಗಿ ಲೆಕ್ಕ ಹಾಕುವುದನ್ನು ಕಲಿತೆ. ಅದನ್ನೇ ಇಲ್ಲಿ ಹುಬ್ಬಳ್ಳಿ-ಮಂಗಳೂರು ಇಟ್ಟುಕೊಂಡು ಹಂತ ಹಂತವಾಗಿ ಬರೆದಿದ್ದೇನೆ. ನಿಮ್ಮದು ಕಲಬುರಗಿಯೋ ಮೈಸೂರೋ ಬೆಳಗಾವಿಯೋ ಆಗಿದ್ದರೆ ಅಂಕಿ ಮಾತ್ರ ಬದಲಿಸಿಕೊಳ್ಳಿ.

ಒಂದು ಫೋನು, ಒಂದು ಪೆನ್ನು, ಒಂದು ಹಾಳೆ ಸಾಕು. ಫೋನಿನ ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲದ ಗುಂಡಿ ಇರಲಿ.

ಮೊದಲ ಹಂತ: ನಿಲ್ದಾಣ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಇದೇನು ಮಹಾ ಅನ್ನಿಸಬಹುದು. ಆದರೆ ಎಡವುವುದು ಇಲ್ಲೇ. ಪ್ರತಿ ವಿಮಾನ ನಿಲ್ದಾಣಕ್ಕೂ ಟಿಕೆಟ್ ಮೇಲೆ ಬರುವ ಮೂರಕ್ಷರದ ಸಂಕೇತ ಇರುತ್ತದೆ. ಹುಬ್ಬಳ್ಳಿಯದು ಎಚ್‌ಬಿಎಕ್ಸ್. ಮಂಗಳೂರಿನದು ಐಎಕ್ಸ್‌ಇ. ಬೆಳಗಾವಿಯದು ಐಎಕ್ಸ್‌ಜಿ, ಪಶ್ಚಿಮ ಬಂಗಾಳದ ಬಾಗ್ಡೋಗ್ರಾದ್ದು ಐಎಕ್ಸ್‌ಬಿ. ಒಂದಕ್ಷರ ಜಾರಿದರೆ ನೀವು ಹಿಮಾಲಯದ ತಪ್ಪಲಿನಲ್ಲಿರುತ್ತೀರಿ. ಒಂದೇ ಊರಿನ ಹೆಸರಿಗೆ ಎರಡು ನಿಲ್ದಾಣ ಇರುವುದೂ ಉಂಟು. ಗೋವಾದಲ್ಲಿ ದಾಬೋಲಿಮ್ ಜೊತೆಗೆ 2023ರಿಂದ ಮೋಪಾ ಕೂಡ ಇದೆ. ಎರಡೂ ಬೇರೆ ಬೇರೆ ದಿಕ್ಕಿನಲ್ಲಿವೆ.

ಹುಬ್ಬಳ್ಳಿಯ ನಿಲ್ದಾಣ ಗೋಕುಲ ರಸ್ತೆಯಲ್ಲಿದೆ, ಹೆಚ್ಚುಕಡಿಮೆ ಊರೊಳಗೇ. ಮಂಗಳೂರಿನದು ಬಜ್ಪೆ-ಕೆಂಜಾರಿನ ಗುಡ್ಡದ ಮೇಲಿದೆ. ಹಳಬರು ಈಗಲೂ ಬಜ್ಪೆ ಏರ್‌ಪೋರ್ಟ್ ಅಂತಲೇ ಕರೆಯುತ್ತಾರೆ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಶುರುವಾದ ನಿಲ್ದಾಣ ಅದು.

ಎರಡನೇ ಹಂತ: ನೇರ ದೂರ ಅಳೆಯಿರಿ

ಫೋನಿನ ನಕ್ಷೆಯಲ್ಲಿ ರನ್‌ವೇ ನಡುಭಾಗದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಅಂಕಿ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಎರಡು ದಶಮಾಂಶ ಸ್ಥಾನ ಇದ್ದರೆ ನಮ್ಮ ಕೆಲಸಕ್ಕೆ ಸಾಕು. ಹುಬ್ಬಳ್ಳಿ ಸುಮಾರು 15.36, 75.08. ಮಂಗಳೂರು ಸುಮಾರು 12.96, 74.89.

ಈಗ ಕಳೆಯಿರಿ. ಅಕ್ಷಾಂಶದ ವ್ಯತ್ಯಾಸ 2.40. ರೇಖಾಂಶದ ವ್ಯತ್ಯಾಸ 0.19. ಅಂದರೆ ಮಂಗಳೂರು ಹುಬ್ಬಳ್ಳಿಗೆ ಸರಿಯಾಗಿ ದಕ್ಷಿಣದಲ್ಲೇ ಇದೆ, ಒಂದು ಚೂರು ಪಶ್ಚಿಮಕ್ಕೆ ಸರಿದಿದೆ. ಕಡಲ ತೀರದ ಊರು ಅಂದಮೇಲೆ ತುಂಬಾ ಪಶ್ಚಿಮದಲ್ಲಿ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಕರಾವಳಿ ಕೆಳಗಿಳಿದ ಹಾಗೆ ಪೂರ್ವಕ್ಕೆ ವಾಲುತ್ತದೆ ಅನ್ನೋದು ಈ ಲೆಕ್ಕ ಮಾಡಿದಾಗಲೇ ತಲೆಗೆ ಹೋದದ್ದು.

ಡಿಗ್ರಿಯನ್ನು ಕಿಲೋಮೀಟರು ಮಾಡಬೇಕು. ನಮ್ಮ ಭಾಗದಲ್ಲಿ ಅಕ್ಷಾಂಶದ ಒಂದು ಡಿಗ್ರಿ ಅಂದರೆ ಸುಮಾರು 110.6 ಕಿ.ಮೀ. ರೇಖಾಂಶದ ಡಿಗ್ರಿ ಎಲ್ಲ ಕಡೆ ಒಂದೇ ಅಲ್ಲ. ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋದಂತೆ ಹತ್ತಿರವಾಗುತ್ತವೆ. ಸಮಭಾಜಕದಲ್ಲಿ 111 ಕಿ.ಮೀ. ಇದ್ದದ್ದು ಕರ್ನಾಟಕದ ನಡುವೆ 108 ಆಗುತ್ತದೆ, ಬೀದರಿನ ಹತ್ತಿರ 106. ನಾವು 108 ಇಟ್ಟುಕೊಳ್ಳೋಣ.

ಉತ್ತರ-ದಕ್ಷಿಣ: 2.40 × 110.6 = 265.4
ಪೂರ್ವ-ಪಶ್ಚಿಮ: 0.19 × 108 = 20.5

ಇನ್ನು ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜ. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ. 266 ಬರುತ್ತದೆ. ಭೂಮಿ ದುಂಡಗಿದೆ, ಹೀಗೆ ಚಪ್ಪಟೆ ಲೆಕ್ಕ ಹಾಕಬಹುದಾ ಅಂತ ಕೇಳಬಹುದು. ರಾಜ್ಯದೊಳಗಿನ ದೂರಕ್ಕೆ ಧಾರಾಳವಾಗಿ ಹಾಕಬಹುದು, ಒಂದು ಕಿಲೋಮೀಟರಿನ ಆಚೀಚೆ ಆದೀತು ಅಷ್ಟೆ. ದುಬೈಗೋ ಲಂಡನ್‌ಗೋ ಹೋಗುವವರು ಇದನ್ನು ಬಳಸಬೇಡಿ.

ಅಳತೆಯ ಹೆಸರನ್ನೂ ನೋಡಿಕೊಳ್ಳಿ. ಇದೇ ದೂರ ಮೈಲಿಯಲ್ಲಿ 165, ವಿಮಾನದವರು ಬಳಸುವ ನಾಟಿಕಲ್ ಮೈಲಿಯಲ್ಲಿ 144. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಒಂದು ಕಡೆ 144, ಇನ್ನೊಂದು ಕಡೆ 266 ಕಂಡರೆ ಗಾಬರಿ ಬೇಡ.

ಈ ನೇರ ಗೆರೆ ಯಾವ ಊರುಗಳ ಮೇಲೆ ಹೋಗುತ್ತದೆ ಅಂತ ನಕ್ಷೆಯ ಮೇಲೆ ಸುಮ್ನೆ ಎಳೆದು ನೋಡಿದೆ. ಶಿರಸಿಯ ಪೂರ್ವಕ್ಕೆ ಹಾದು, ಸಾಗರದ ಪಕ್ಕಕ್ಕೇ ಬಂದು, ಶರಾವತಿ ಹಿನ್ನೀರಿನ ಸೀಮೆ ದಾಟಿ, ಕೊಡಚಾದ್ರಿಯನ್ನು ಬಲಕ್ಕೆ ಬಿಟ್ಟು, ಹೆಬ್ರಿಯ ಹತ್ತಿರ ಘಟ್ಟ ಇಳಿದು, ಕಾರ್ಕಳದ ಪಶ್ಚಿಮದಲ್ಲಿ ಸಾಗಿ ಬಜ್ಪೆ ಸೇರುತ್ತದೆ. ವಿಮಾನ ಇದೇ ಗೆರೆ ಹಿಡಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಆದರೂ ಈ ದಾರಿಯಲ್ಲಿ ನೇರ ವಿಮಾನ ಸಿಕ್ಕರೆ ಬಲಗಡೆ ಕಿಟಕಿ ತೆಗೆದುಕೊಳ್ಳಿ.

ಮೂರನೇ ಹಂತ: ಹಾರಾಟದ ಸಮಯ ತೆಗೆಯಿರಿ

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ವಿಮಾನದ ವೇಗ ಗಂಟೆಗೆ 800 ಕಿ.ಮೀ., ದೂರ 266, ಭಾಗಿಸಿದರೆ ಇಪ್ಪತ್ತು ನಿಮಿಷ ಅನ್ನೋದು. 800ರ ವೇಗ ಜೆಟ್ ವಿಮಾನಕ್ಕೆ ಮೇಲೆ ಏರಿ ಸಮನಾಗಿ ಸಾಗುವಾಗ ಮಾತ್ರ ಸಿಗುತ್ತದೆ. ಇಷ್ಟು ಸಣ್ಣ ದಾರಿಯಲ್ಲಿ ಏರುವುದು, ಇಳಿಯುವುದರಲ್ಲೇ ಅರ್ಧಕ್ಕಿಂತ ಜಾಸ್ತಿ ದೂರ ಮುಗಿದಿರುತ್ತದೆ.

ಸಣ್ಣ ನಿಲ್ದಾಣಗಳ ನಡುವೆ ಸಾಮಾನ್ಯವಾಗಿ ಓಡುವುದು ಎಟಿಆರ್ 72. ರೆಕ್ಕೆಯ ಕೆಳಗೆ ದೊಡ್ಡ ಫ್ಯಾನು ತಿರುಗುವ, ಎಪ್ಪತ್ತು-ಎಂಬತ್ತು ಸೀಟಿನ ವಿಮಾನ. ಅದರ ಗರಿಷ್ಠ ಪ್ರಯಾಣ ವೇಗ ಗಂಟೆಗೆ ಸುಮಾರು 510 ಕಿ.ಮೀ., ಅಂದರೆ 275 ನಾಟ್ (ಗಂಟೆಗೆ 275 ನಾಟಿಕಲ್ ಮೈಲಿ). ಅದನ್ನೇ ಹಿಡಿದು ಬಿಡಿಸಿ ನೋಡೋಣ.

ಹುಬ್ಬಳ್ಳಿ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಎತ್ತರದಲ್ಲಿದೆ. ಮಂಗಳೂರಿನದು 337 ಅಡಿ. ಪಶ್ಚಿಮದ ಕಡೆಗೆ ವಾಲಿ ಹೋಗುವ ವಿಮಾನಕ್ಕೆ ಸಾವಿರದ ಲೆಕ್ಕದಲ್ಲಿ ಸಮಸಂಖ್ಯೆಯ ಎತ್ತರ ಕೊಡುತ್ತಾರೆ. ಪೂರ್ವದ ಕಡೆಗೆ ವಾಲಿ ಹೋಗುವುದಕ್ಕೆ ಬೆಸಸಂಖ್ಯೆ. ಎದುರುಬದುರು ಬಂದವು ಒಂದೇ ಎತ್ತರದಲ್ಲಿ ಸಿಗಬಾರದಲ್ವಾ, ಅದಕ್ಕೆ. ನಮ್ಮದು ದಕ್ಷಿಣದಿಂದ ಚೂರು ಪಶ್ಚಿಮಕ್ಕೆ ವಾಲಿದ ದಾರಿ. 16,000 ಅಡಿ ಅಂತ ಇಟ್ಟುಕೊಳ್ಳೋಣ.

ಏರಲು ನಿಮಿಷಕ್ಕೆ ಸಾವಿರ ಅಡಿ ಅಂದರೆ ಸುಮಾರು 14 ನಿಮಿಷ. ಅಷ್ಟರಲ್ಲಿ ಒಂದು 43 ನಾಟಿಕಲ್ ಮೈಲಿ ಮುಗಿಯುತ್ತದೆ. ಇಳಿಯುವುದಕ್ಕೆ ಪೈಲಟ್‌ಗಳ ಹಳೆಯ ಲೆಕ್ಕ ಒಂದಿದೆ: ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ ಮೊದಲೇ ಇಳಿಯಲು ಶುರುಮಾಡು. ಹದಿನೈದೂವರೆ ಸಾವಿರ ಅಡಿ ಇಳಿಯಬೇಕು, ಅದಕ್ಕೆ 47 ಮೈಲಿ, ಸುಮಾರು 12 ನಿಮಿಷ. ಒಟ್ಟು 144ರಲ್ಲಿ ಇವೆರಡನ್ನೂ ಕಳೆದರೆ ಸಮನಾಗಿ ಹಾರಲು ಉಳಿಯುವುದು 54 ಮೈಲಿ. ಅದು ಮತ್ತೆ 12 ನಿಮಿಷ. ಅಷ್ಟರೊಳಗೆ ಗಗನಸಖಿ ನೀರು ಕೊಟ್ಟು ಖಾಲಿ ಲೋಟ ವಾಪಸ್ ತೆಗೆದುಕೊಂಡು ಹೋಗಬೇಕು, ಪಾಪ.

ಕೂಡಿಸಿದರೆ 38 ನಿಮಿಷ. ಫೋನು ಹೇಳಿದ ನಲವತ್ತರ ಹತ್ತಿರ ಬಂತು. ಆದರೆ ರನ್‌ವೇ ಕಥೆ ಇನ್ನೂ ಬಾಕಿ ಇದೆ.

ಹುಬ್ಬಳ್ಳಿಯ ರನ್‌ವೇ ಪೂರ್ವ-ಪಶ್ಚಿಮವಾಗಿದೆ. ಅದರ ತುದಿಗಳಲ್ಲಿ ಬರೆದ 08 ಮತ್ತು 26 ಅನ್ನುವ ಸಂಖ್ಯೆಗೆ ಒಂದು ಸೊನ್ನೆ ಸೇರಿಸಿದರೆ ದಿಕ್ಕಿನ ಡಿಗ್ರಿ ಸಿಗುತ್ತದೆ. ಮಂಗಳೂರಿನದು 06 ಮತ್ತು 24. ನಾವು ಹೋಗಬೇಕಾದ ದಿಕ್ಕು 184 ಡಿಗ್ರಿ. ಎರಡೂ ಕಡೆ ರನ್‌ವೇ ನಮ್ಮ ದಾರಿಗೆ ಅಡ್ಡವಾಗಿದೆ. ಹುಬ್ಬಳ್ಳಿಯಲ್ಲಿ ಎದ್ದ ಮೇಲೆ ದಕ್ಷಿಣಕ್ಕೆ ಹೊರಳಬೇಕು. ಮಂಗಳೂರಿನಲ್ಲಿ ಗಾಳಿ ಕಡಲ ಕಡೆಯಿಂದ ಬೀಸುವಾಗ 24ರಲ್ಲಿ ಇಳಿಯುತ್ತಾರೆ. ಉತ್ತರದಿಂದ ಬಂದ ವಿಮಾನ ಸ್ವಲ್ಪ ಪೂರ್ವಕ್ಕೆ ಸರಿದು, ಗುಡ್ಡದ ಕಡೆಯಿಂದ ಬಲಕ್ಕೆ ತಿರುಗಿ ಸಾಲು ಹಿಡಿಯಬೇಕು. ಈ ತಿರುಗಾಟಕ್ಕೆಲ್ಲ ಏಳೆಂಟು ನಿಮಿಷ ಇಟ್ಟುಕೊಳ್ಳಿ. ನೆಲ ಬಿಟ್ಟು ನೆಲ ಮುಟ್ಟುವುದಕ್ಕೆ ಮುಕ್ಕಾಲು ಗಂಟೆ ಆಯಿತು.

ನಾಲ್ಕನೇ ಹಂತ: ಟಿಕೆಟ್ ಮೇಲಿನ ಸಮಯ ಬೇರೆಯೇ

ಟಿಕೆಟ್ ನೋಡಿದರೆ ಒಂದು ಗಂಟೆ ಐದು ನಿಮಿಷ ಅಂತಿರುತ್ತದೆ. ಮೋಸ ಏನಿಲ್ಲ. ಟಿಕೆಟ್ ಮೇಲಿರುವುದು ಬ್ಲಾಕ್ ಟೈಮ್. ವಿಮಾನ ನಿಂತ ಜಾಗ ಬಿಟ್ಟು ಅಲುಗಾಡಿದ ಗಳಿಗೆಯಿಂದ, ಇನ್ನೊಂದು ಕಡೆ ಹೋಗಿ ಚಕ್ರಕ್ಕೆ ಅಡ್ಡ ಕೊಡುವ ಗಳಿಗೆವರೆಗಿನ ಲೆಕ್ಕ ಅದು. ರನ್‌ವೇ ತುದಿಗೆ ಉರುಳಿಕೊಂಡು ಹೋಗುವುದು, ಕಾಯುವುದು, ಇಳಿದ ಮೇಲೆ ವಾಪಸ್ ಬರುವುದು ಎಲ್ಲ ಅದರೊಳಗೆ. ಅದರ ಮೇಲೆ ಕಂಪನಿಯವರು ಹತ್ತು ನಿಮಿಷ ಕೈಯಲ್ಲಿ ಇಟ್ಟುಕೊಂಡಿರುತ್ತಾರೆ, "ಸಮಯಕ್ಕೆ ಸರಿಯಾಗಿ ತಲುಪಿದೆವು" ಅಂತ ಹೇಳಿಕೊಳ್ಳಲು.

ಹಾಗಾಗಿ ನಾನು ಒಂದು ಅಂದಾಜು ಸೂತ್ರ ಮಾಡಿಕೊಂಡಿದ್ದೇನೆ. ಫ್ಯಾನಿನ ವಿಮಾನವಾದರೆ ನೇರ ದೂರವನ್ನು 500ರಿಂದ ಭಾಗಿಸಿ, ಬಂದ ಗಂಟೆಯನ್ನು ನಿಮಿಷ ಮಾಡಿ, ಅದಕ್ಕೆ ಅರ್ಧ ಗಂಟೆ ಸೇರಿಸಿ. ಜೆಟ್ ಆದರೆ 750ರಿಂದ ಭಾಗಿಸಿ 40 ನಿಮಿಷ ಸೇರಿಸಿ. ನಮ್ಮ 266 ಕಿ.ಮೀ.ಗೆ ಎಟಿಆರ್‌ನಲ್ಲಿ 32 + 30, ಅಂದರೆ 62 ನಿಮಿಷ. ಜೆಟ್‌ನಲ್ಲಿ 21 + 40, ಅಂದರೆ 61. ನೋಡಿ, ಇಷ್ಟು ಸಣ್ಣ ದಾರಿಯಲ್ಲಿ ಜೆಟ್ ಹತ್ತಿದರೂ ಒಂದು ನಿಮಿಷ ಉಳಿಯುತ್ತದೆ ಅಷ್ಟೆ. ಅದಕ್ಕೇ ಇಲ್ಲಿ ಡೀಸೆಲ್ ಕಾರಿನ ಹಾಗೆ ಮಿತವಾಗಿ ಎಣ್ಣೆ ಕುಡಿಯುವ ಎಟಿಆರ್ ಓಡಿಸುವುದು.

ಗಾಳಿಯ ಚಿಂತೆ ಈ ದಾರಿಗೆ ಅಷ್ಟು ಬೇಡ. ಮಳೆಗಾಲದ ಗಾಳಿ ಪಶ್ಚಿಮದಿಂದ ಬರುತ್ತದೆ, ನಾವು ದಕ್ಷಿಣಕ್ಕೆ ಹೋಗುತ್ತೇವೆ. ಅದು ಅಡ್ಡಗಾಳಿ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವವರಿಗೆ ಎದುರುಗಾಳಿ ಆಗುತ್ತದೆ, ಆದರೂ ಅದು ತಿನ್ನುವುದು ಒಂದೆರಡು ನಿಮಿಷ.

ಐದನೇ ಹಂತ: ನೇರ ವಿಮಾನ ಇದೆಯಾ ಅಂತ ಮೊದಲು ನೋಡಿ

ಇಲ್ಲಿಯವರೆಗಿನ ಲೆಕ್ಕ ಎಲ್ಲ ನೇರ ವಿಮಾನ ಇದ್ದರೆ ಮಾತ್ರ. ಎರಡು ಸಣ್ಣ ಊರುಗಳ ನಡುವಿನ ವಿಮಾನ ಜಾತ್ರೆಯ ಅಂಗಡಿ ಇದ್ದ ಹಾಗೆ. ಬರುತ್ತದೆ, ಕೆಲ ದಿನ ಇರುತ್ತದೆ, ಹೋಗುತ್ತದೆ. ಒಮ್ಮೆ ವಾರಕ್ಕೆ ಮೂರು ನಾಲ್ಕು ದಿನ, ಒಮ್ಮೆ ಇಲ್ಲವೇ ಇಲ್ಲ.

ಇದಕ್ಕೆ ಕಾರಣ ಇದೆ. 2016ರಲ್ಲಿ ಕೇಂದ್ರ ಸರ್ಕಾರ ಉಡಾನ್ ಯೋಜನೆ ತಂದಿತು. ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿ ಅಂತ ಒಂದಷ್ಟು ಸೀಟಿನ ದರ ಕಟ್ಟಿ, ಕಂಪನಿಗೆ ಆಗುವ ನಷ್ಟ ತುಂಬಿಕೊಡುವ ಯೋಜನೆ ಅದು. ಹುಬ್ಬಳ್ಳಿಯ ಹಲವು ದಾರಿಗಳು ಹೀಗೆ ಹುಟ್ಟಿದವು. ಆ ಹಣ ಸಿಗುವುದು ಮೂರು ವರ್ಷ. ಅಷ್ಟರಲ್ಲಿ ಸೀಟು ತುಂಬದಿದ್ದರೆ ಕಂಪನಿ ವಿಮಾನವನ್ನು ಬೇರೆ ಕಡೆ ಒಯ್ಯುತ್ತದೆ. ಯೋಜನೆಯ ಹೊರಗಿನ ದಾರಿಗಳಲ್ಲಂತೂ ತುಂಬದಿದ್ದರೆ ಮೂರು ವರ್ಷವೂ ಕಾಯುವುದಿಲ್ಲ.

ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ: ಮಾರ್ಚ್ ಕೊನೆಯ ಭಾನುವಾರ, ಅಕ್ಟೋಬರ್ ಕೊನೆಯ ಭಾನುವಾರ. ಮೇ ತಿಂಗಳ ಮದುವೆಗೆ ಜನವರಿಯಲ್ಲಿ ಹುಡುಕಿದರೆ ಹಳೆಯ ಪಟ್ಟಿ ನಂಬಿಕೊಳ್ಳಬೇಡಿ. ನಿಮ್ಮ ದಿನಾಂಕವನ್ನೇ ಹಾಕಿ, "ನಾನ್‌ಸ್ಟಾಪ್" ಅಂತ ಆರಿಸಿ ಹುಡುಕಿ. ಇಲ್ಲಿ ಒಂದು ಸೂಕ್ಷ್ಮ ಇದೆ. "ಡೈರೆಕ್ಟ್" ಅಂದರೆ ನಡುವೆ ಎಲ್ಲೋ ಇಳಿದು, ನೀವು ಸೀಟಲ್ಲೇ ಕೂತು, ಮತ್ತೆ ಹಾರುವುದೂ ಆಗಬಹುದು. "ನಾನ್‌ಸ್ಟಾಪ್" ಅಂದರೆ ಮಾತ್ರ ಎಲ್ಲೂ ಇಳಿಯದೆ ಹೋಗುವುದು.

ನೇರ ಇಲ್ಲದಿದ್ದರೆ ಬೆಂಗಳೂರು ಸುತ್ತಬೇಕು. ಆ ದೂರವನ್ನೂ ಅದೇ ವಿಧಾನದಲ್ಲಿ ತೆಗೆಯಿರಿ. ಬೆಂಗಳೂರು ನಿಲ್ದಾಣ 13.20, 77.71. ಹುಬ್ಬಳ್ಳಿ-ಬೆಂಗಳೂರು 370 ಕಿ.ಮೀ. ಬೆಂಗಳೂರು-ಮಂಗಳೂರು 306 ಕಿ.ಮೀ. ಒಟ್ಟು 676. ನೇರ 266 ಇದ್ದ ಊರಿಗೆ ಎರಡೂವರೆ ಪಟ್ಟು ಸುತ್ತು! ಧಾರವಾಡದಿಂದ ಹುಬ್ಬಳ್ಳಿಗೆ ಗದಗ ಸುತ್ತಿ ಹೋದ ಹಾಗೆ.

ಬೆಂಗಳೂರಿನಲ್ಲಿ ಈಗ ಎರಡು ಟರ್ಮಿನಲ್. ನಿಮ್ಮ ಎರಡೂ ವಿಮಾನ ಒಂದೇ ಟರ್ಮಿನಲ್‌ನಲ್ಲಿವೆಯಾ ಅಂತ ಟಿಕೆಟ್ ನೋಡಿ. ಬೇರೆ ಇದ್ದರೆ ಬಸ್ಸು ಹಿಡಿದು ಹೋಗಿ ಮತ್ತೆ ತಪಾಸಣೆಗೆ ನಿಲ್ಲಬೇಕು. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ, ಇರುವಂತೆ ಬುಕ್ ಮಾಡಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಕಂಪನಿಯ ಜವಾಬ್ದಾರಿ. ಇನ್ನೂರು ರೂಪಾಯಿ ಉಳಿಸಲು ಬೇರೆ ಬೇರೆ ಟಿಕೆಟ್ ತೆಗೆದರೆ ನಿಮ್ಮ ಹಣೆಬರಹ.

ಆರನೇ ಹಂತ: ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ

ನಿಜವಾದ ಲೆಕ್ಕ ಇದು. ಹಾಳೆ ತೆಗೆದು ಒಂದರ ಕೆಳಗೊಂದು ಬರೆಯಿರಿ.

ಹುಬ್ಬಳ್ಳಿ ವಿದ್ಯಾನಗರದಿಂದ ನಿಲ್ದಾಣಕ್ಕೆ 25 ನಿಮಿಷ. ಧಾರವಾಡದವರಾದರೆ ಇದನ್ನು ಮುಕ್ಕಾಲು ಗಂಟೆ ಮಾಡಿಕೊಳ್ಳಿ. ಬೇಗ ಹೋಗಿ ಕಾಯುವುದು ಒಂದೂವರೆ ಗಂಟೆ. ಸಣ್ಣ ನಿಲ್ದಾಣ, ಅಷ್ಟು ಬೇಕಾ ಅಂದರೆ, ಬ್ಯಾಗ್ ಕೊಡುವ ಕೌಂಟರನ್ನು ಸಾಮಾನ್ಯವಾಗಿ ವಿಮಾನ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತಾರೆ, ಗೇಟನ್ನು 25 ನಿಮಿಷ ಮೊದಲು. ನಿಲ್ದಾಣ ಸಣ್ಣದು ಅಂತ ಈ ನಿಯಮ ಸಣ್ಣದಾಗುವುದಿಲ್ಲ. ಕೈಚೀಲ ಮಾತ್ರ ಇದ್ದು, ಬೋರ್ಡಿಂಗ್ ಪಾಸ್ ಫೋನಿನಲ್ಲೇ ಇದ್ದರೆ ಒಂದು ಗಂಟೆಗೆ ಇಳಿಸಬಹುದು. ನಮ್ಮವ್ವನ ಜೊತೆ ಹೋಗುವಾಗ ಅದು ಸಾಧ್ಯವಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಪೇಡಾ, ಎಲ್ಲಕ್ಕೂ ಒಂದೊಂದು ಡಬ್ಬಿ. ಎಟಿಆರ್‌ನ ತಲೆಮೇಲಿನ ಗೂಡು ಚಿಕ್ಕದು, ದೊಡ್ಡ ಟ್ರಾಲಿ ಹಿಡಿಸುವುದಿಲ್ಲ.

ಹಾರಾಟ 65 ನಿಮಿಷ. ಇಳಿದು ಬ್ಯಾಗ್ ತೆಗೆದುಕೊಂಡು ಹೊರಬರಲು 25. ಬಜ್ಪೆಯ ಗುಡ್ಡ ಇಳಿದು, ಮರವೂರಿನಲ್ಲಿ ಫಲ್ಗುಣಿ ಹೊಳೆ ದಾಟಿ, ಕಾವೂರಿನ ಮೇಲೆ ಊರೊಳಗೆ ಹೋಗಲು 40 ನಿಮಿಷ. 2021ರ ಜೂನ್‌ನಲ್ಲಿ ಮರವೂರು ಸೇತುವೆ ಕುಸಿದಾಗ ಜನ ಸುತ್ತು ದಾರಿ ಹಿಡಿದು ನಿಲ್ದಾಣ ಸೇರಬೇಕಾಗಿತ್ತು. ಮಳೆಗಾಲದಲ್ಲಿ ಈ ಕೊನೆಯ ಅಂಕಿಗೆ ಇನ್ನೊಂದು ಇಪ್ಪತ್ತು ನಿಮಿಷ ಸೇರಿಸುವುದೇ ಒಳ್ಳೆಯದು.

ನೇರ ವಿಮಾನ ಇದ್ದರೆ: 25 + 90 + 65 + 25 + 40 = 245 ನಿಮಿಷ. ನಾಲ್ಕು ಗಂಟೆ ಐದು ನಿಮಿಷ.

ಬೆಂಗಳೂರಿನ ಮೇಲೆ ಹೋದರೆ: 25 + 90 + ಮೊದಲ ವಿಮಾನ 75 + ನಡುವೆ ಕಾಯುವುದು 120 + ಎರಡನೇ ವಿಮಾನ 65 + 25 + 40 = 440 ನಿಮಿಷ. ಏಳು ಗಂಟೆ ಇಪ್ಪತ್ತು ನಿಮಿಷ. ಅದೂ ಎಲ್ಲ ಸರಿಯಾಗಿ ನಡೆದರೆ.

ನಲವತ್ತು ನಿಮಿಷ ಎಲ್ಲಿ, ಇದೆಲ್ಲಿ!

ಏಳನೇ ಹಂತ: ನೆಲದ ದಾರಿಯ ಪಕ್ಕದಲ್ಲಿಟ್ಟು ನೋಡಿ

ಕಾರಿನಲ್ಲಿ ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು. ಸುಮಾರು 370 ಕಿ.ಮೀ. ನೇರ ದೂರಕ್ಕಿಂತ ನೂರು ಕಿ.ಮೀ. ಜಾಸ್ತಿ. ಘಟ್ಟದಲ್ಲಿ ನಿಧಾನ, ಕರಾವಳಿಯಲ್ಲಿ ಬೇಗ, ನಡುವೆ ಒಂದು ಊಟ ಒಂದು ಚಹಾ. ಎಂಟು ಗಂಟೆ ಅಂತ ಇಟ್ಟುಕೊಳ್ಳಿ. ಅಂದರೆ ಬೆಂಗಳೂರು ಸುತ್ತುವ ವಿಮಾನಕ್ಕೂ ಕಾರಿಗೂ ಇರುವ ಅಂತರ ನಲವತ್ತೇ ನಿಮಿಷ. ನಮ್ಮ ವಿಮಾನ ಒಂದು ಗಂಟೆ ತಡವಾದ ದಿನ ಚಿಕ್ಕಪ್ಪನ ಮಗ ಗೆದ್ದದ್ದು ಹೀಗೆ.

ಆದರೆ ಜುಲೈನಲ್ಲಿ ಈ ಮಾತು ನಡೆಯುವುದಿಲ್ಲ. 2021ರ ಜುಲೈನಲ್ಲಿ ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿದು ದಾರಿ ಕಡಿದಿತ್ತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತದ್ದು ನಿಮಗೆ ಗೊತ್ತೇ ಇದೆ. ಜೋರು ಮಳೆಯ ವಾರದಲ್ಲಿ ಹೊರಡುವವರು ಹಿಂದಿನ ರಾತ್ರಿ ದಾರಿ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ.

ರೈಲು ಹತ್ತುವವರಿಗೆ ಸುತ್ತು ಇನ್ನೂ ದೊಡ್ಡದು. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ತೊಂಬತ್ತರ ದಶಕದಿಂದ ಕಾಗದದ ಮೇಲೆಯೇ ಓಡುತ್ತಿದೆ. ಹಾಗಾಗಿ ದಾವಣಗೆರೆ, ಅರಸೀಕೆರೆ, ಹಾಸನದ ಮೇಲೆ ಹೋಗಿ ಸಕಲೇಶಪುರದಲ್ಲಿ ಘಟ್ಟ ಇಳಿಯಬೇಕು. ಸಕಲೇಶಪುರ-ಸುಬ್ರಹ್ಮಣ್ಯ ನಡುವಿನ ಐವತ್ತೈದು ಕಿಲೋಮೀಟರಿನಲ್ಲಿ 57 ಸುರಂಗ ಇವೆ, ರೈಲು ಅಲ್ಲಿ ಸೈಕಲ್ಲಿಗಿಂತ ಸ್ವಲ್ಪ ಜೋರಾಗಿ ಹೋಗುತ್ತದೆ. ಸಮಯ ಉಳಿಸಲು ಯಾರೂ ಇದರಲ್ಲಿ ಹೋಗುವುದಿಲ್ಲ. ಆದರೆ ಮಲಗಿ ಹೋಗುವ ಹೊತ್ತು ಲೆಕ್ಕಕ್ಕಿಲ್ಲ ಅನ್ನುವವರ ಮಾತೇ ಬೇರೆ. ಸ್ಲೀಪರ್ ಬಸ್ಸಿಗೂ ಅದೇ ಲೆಕ್ಕ. ರಾತ್ರಿ ಊಟ ಮಾಡಿ ಹತ್ತಿದರೆ ಬೆಳಿಗ್ಗೆ ಮಂಗಳೂರು. ನಿದ್ದೆ ಬರುವವರಿಗೆ ಅದು ಸೊನ್ನೆ ಗಂಟೆಯ ಪ್ರಯಾಣ. ನನಗೆ ಬಸ್ಸಿನಲ್ಲಿ ನಿದ್ದೆ ಬರುವುದಿಲ್ಲ, ಹಾಗಾಗಿ ಪೂರ್ತಿ ಒಂಬತ್ತು ಗಂಟೆ.

ನೀವು ಹೋಗಬೇಕಾದದ್ದು ಮಂಗಳೂರಿಗೇ ತಾನೇ ಅನ್ನೋದನ್ನೂ ನೋಡಿಕೊಳ್ಳಿ. ಕುಂದಾಪುರಕ್ಕೆ ಹೋಗುವವರು ಹುಬ್ಬಳ್ಳಿಯಿಂದ ವಿಮಾನ ಹತ್ತಬೇಡಿ. ರಸ್ತೆಯಲ್ಲಿ ಕುಂದಾಪುರ ಮೊದಲೇ ಬರುತ್ತದೆ. ವಿಮಾನದಲ್ಲಿ ಹೋದರೆ ಬಜ್ಪೆಯಲ್ಲಿ ಇಳಿದು ಮತ್ತೆ ಉತ್ತರಕ್ಕೆ ತೊಂಬತ್ತು ಕಿಲೋಮೀಟರಿನ ಆಸುಪಾಸು ವಾಪಸ್ ಬರಬೇಕು. ಉಡುಪಿಯವರದು ನಡುವಿನ ಪರಿಸ್ಥಿತಿ: ನೇರ ವಿಮಾನ ಇದ್ದರೆ ಲಾಭ, ಬೆಂಗಳೂರು ಸುತ್ತುವುದಾದರೆ ನಷ್ಟ. ಕಾಸರಗೋಡಿಗೆ ಹೋಗುವವರಿಗೆ ವಿಮಾನವೇ ವಾಸಿ.

ಇದೇ ಕಾರಣಕ್ಕೆ ಹುಬ್ಬಳ್ಳಿ-ಬೆಳಗಾವಿ ನಡುವೆ ಯಾರೂ ವಿಮಾನದ ಕನಸು ಕಾಣುವುದಿಲ್ಲ. ನೇರ ದೂರ 74 ಕಿ.ಮೀ., ಹಾರಿದರೆ 39 ನಿಮಿಷ ಅಂತ ಸೂತ್ರ ಹೇಳುತ್ತದೆ. ಆದರೆ ವಿಮಾನಕ್ಕೆ ಕಾಯುವ ಒಂದೂವರೆ ಗಂಟೆಯಲ್ಲಿ ಬೆಳಗಾವಿಯ ಕುಂದಾ ಅಂಗಡಿ ಮುಂದೆ ನಿಂತಿರಬಹುದು.

ಎಂಟನೇ ಹಂತ: ಮಳೆಗಾಲದ ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು ನಿಲ್ದಾಣಕ್ಕೆ ಬೇರೆಯದೇ ಲೆಕ್ಕ. 2,450 ಮೀಟರಿನ ಆ ರನ್‌ವೇ ಗುಡ್ಡದ ನೆತ್ತಿ ಸಮ ಮಾಡಿ ಕಟ್ಟಿದ್ದು. ಸುತ್ತ ಕಣಿವೆ. ಟೇಬಲ್‌ಟಾಪ್ ಅಂತಾರಲ್ಲ, ಅದು. 2010ರ ಮೇ 22ರಂದು ವಿಮಾನವೊಂದು ರನ್‌ವೇ ದಾಟಿ ಕಣಿವೆಗೆ ಬಿದ್ದ ದುರಂತವನ್ನು ಯಾರೂ ಮರೆತಿಲ್ಲ. ಮಳೆ, ಮೋಡ ಕವಿದು ರನ್‌ವೇ ಸರಿಯಾಗಿ ಕಾಣದಿದ್ದರೆ ಪೈಲಟ್ ಇಳಿಸುವುದಿಲ್ಲ. ಮೇಲೆ ಸುತ್ತುತ್ತಾರೆ, ಆಗದಿದ್ದರೆ ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ತಿರುಗಿಸುತ್ತಾರೆ. ಆಗ ಸಿಟ್ಟಾಗಬೇಡಿ. ಸುತ್ತಿಸಿದ ಪೈಲಟ್ ನಿಮ್ಮ ಹಿತೈಷಿ.

ಮಳೆಗಾಲದಲ್ಲಿ ಸಂಜೆಯ ಮುಹೂರ್ತಕ್ಕೆ ಮಧ್ಯಾಹ್ನದ ವಿಮಾನ ನಂಬಬೇಡಿ. ಹಿಂದಿನ ದಿನ ಹೊರಡಿ, ಇಲ್ಲವೇ ದಿನದ ಮೊದಲ ವಿಮಾನ ಹಿಡಿಯಿರಿ. ಬೆಳಗಿನದು ತಪ್ಪಿದರೆ ದಿನದಲ್ಲಿ ಇನ್ನೊಂದಾದರೂ ಸಿಗಬಹುದು. ಜೊತೆಗೆ ಒಂದೇ ವಿಮಾನ ದಿನಪೂರ್ತಿ ಊರೂರು ಸುತ್ತುತ್ತದೆ. ಬೆಳಿಗ್ಗೆಯ ಹತ್ತು ನಿಮಿಷದ ತಡ ಸಂಜೆಗೆ ಗಂಟೆ ಆಗಿ ಬೆಳೆದಿರುತ್ತದೆ.

ವಿಮಾನ ನಿಲ್ದಾಣದ ಹವಾಮಾನ ವರದಿಯನ್ನು ಫೋನಿನಲ್ಲಿ ನೋಡುವವರಿಗೆ ಒಂದು ಮಾತು. ಅದರಲ್ಲಿರುವ ಗಂಟೆ ನಮ್ಮದಲ್ಲ, ಅಂತರರಾಷ್ಟ್ರೀಯ ಸಮಯ. ಐದೂವರೆ ಗಂಟೆ ಕೂಡಿಸಿಕೊಳ್ಳಿ. ಇದು ಗೊತ್ತಿಲ್ಲದೆ ನಾನು ಒಂದು ಸಲ "ಇನ್ನೂ ಬೆಳಗಿನ ಮೂರು ಗಂಟೆಯ ವರದಿಯೇ ಇದೆ, ಹೊಸದು ಹಾಕಿಲ್ಲ" ಅಂತ ಬೈದುಕೊಂಡು ಕೂತಿದ್ದೆ. ಅದು ಎಂಟೂವರೆಯದ್ದಾಗಿತ್ತು.

ತಡವಾದರೆ ನಿಮಗೂ ಹಕ್ಕಿದೆ. ಇಂಥ ಸಣ್ಣ ಹಾರಾಟಕ್ಕೆ ಎರಡು ಗಂಟೆಗಿಂತ ಜಾಸ್ತಿ ತಡವಾದರೆ ತಿಂಡಿ ಅಥವಾ ಊಟ ಕೊಡಬೇಕು ಅನ್ನುತ್ತದೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ. ಆರು ಗಂಟೆ ಮೀರುವ ಹಾಗಿದ್ದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್ ಕೇಳಬಹುದು. ಸುಮ್ನೆ ಕೂರಬೇಡಿ, ಕೌಂಟರಿಗೆ ಹೋಗಿ ಕೇಳಿ.

ಇನ್ನು ವಾಪಸ್ ಬರುವ ದಾರಿಗೆ ಇದೇ ಹಾಳೆಯನ್ನು ತಿರುಗಿಸಿ ಓದಿಕೊಳ್ಳುವಂತಿಲ್ಲ, ಹೊಸದಾಗಿ ಬರೆಯಿರಿ. ಹಾರಾಟ ಅಷ್ಟೇ ಹೊತ್ತು, ಆದರೆ ಈಗ ಮೊದಲು ಮಂಗಳೂರಿನ ಊರೊಳಗಿನ ದಟ್ಟಣೆ ದಾಟಿ ಗುಡ್ಡ ಹತ್ತಬೇಕು. ಹೋಗುವಾಗ ಆ ರಸ್ತೆಯಲ್ಲಿ ತಡವಾದರೆ ಊಟ ತಡ, ಬರುವಾಗ ತಡವಾದರೆ ವಿಮಾನವೇ ತಪ್ಪುತ್ತದೆ. ನಲವತ್ತು ನಿಮಿಷವನ್ನು ಅರವತ್ತು ಮಾಡಿ. ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಮಾತ್ರ ಸುಖ. ಹೊರಗೆ ಬಂದರೆ ಆಟೋ, ಆಟೋ ಹತ್ತಿದರೆ ಮನೆ.

ಮುಂದಿನ ತಿಂಗಳು ತಂಗಿಯ ಮಗಳ ನಾಮಕರಣ. ಹಾಳೆ ತೆಗೆದು ಈ ಲೆಕ್ಕ ಎಲ್ಲ ಅವ್ವನ ಮುಂದೆ ಇಟ್ಟೆ. ನಾವು ಹೋಗುವ ದಿನ ನೇರ ವಿಮಾನ ಇಲ್ಲ. ಅವ್ವ ಕನ್ನಡಕ ಏರಿಸಿ 440, 480 ಎರಡನ್ನೂ ನೋಡಿದಳು. "ನಲವತ್ತು ನಿಮಿಷಕ್ಕ ಅಷ್ಟು ರೊಕ್ಕ ಯಾಕ ಕೊಡ್ತಿ? ಕಾರಿನಾಗ ಹೋಗೂಣು. ಇಡಗುಂಜಿ ಗಣಪ್ಪಗ ಕೈ ಮುಗದಂಗೂ ಆಕ್ಕತಿ." ಹೊನ್ನಾವರ ದಾಟಿದ ಮೇಲೆ ಹೆದ್ದಾರಿಯಿಂದ ಒಳಗೆ ಹೋಗಿ ಬರಲು ಒಂದು ಗಂಟೆ ಸೇರಿಸಿ, 540 ಅಂತ ತಿದ್ದಿದ್ದೇನೆ.